ಆಚೆ ಮಗ್ಗುಲಿನ ಬಿರುಕು

ಮಂಡ್ಯದ ಹಳ್ಳಿ ಶಾಲೆಗಳಿಗೆ ಹೋಗುವಾಗ ನನ್ನ ಚೀಲದಲ್ಲಿ ಎರಡು ಕೊಳವೆ ತುಂಡುಗಳಿರುತ್ತವೆ. ಒಂದು ಗದ್ದೆಗೆ ನೀರು ಹಾಯಿಸುವ ಪಿವಿಸಿ ಪೈಪಿನದು, ಇನ್ನೊಂದು ಗುಜರಿ ಅಂಗಡಿಯಲ್ಲಿ ಸಿಕ್ಕ ದಪ್ಪ ಅಲ್ಯೂಮಿನಿಯಂನದು. ಪುಟ್ಟ ಅಯಸ್ಕಾಂತವೊಂದನ್ನು ಪಿವಿಸಿಯೊಳಗೆ ಬಿಟ್ಟರೆ ಟಪ್ಪನೆ ನೆಲಕ್ಕೆ ಬೀಳುತ್ತದೆ. ಅದನ್ನೇ ಅಲ್ಯೂಮಿನಿಯಂ ಕೊಳವೆಗೆ ಬಿಟ್ಟರೆ ಕಾಕಂಬಿಯಲ್ಲಿ ಮುಳುಗುವ ಕಲ್ಲಿನಂತೆ ಮೆಲ್ಲಗೆ ಇಳಿಯುತ್ತದೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ ಎಂಬುದನ್ನು ಮಕ್ಕಳು ಮೊದಲೇ ಪರೀಕ್ಷಿಸಿರುತ್ತಾರೆ. ಹಾಗಾಗಿ ಬೆರಗು ಇನ್ನೂ ಹೆಚ್ಚು.

ಅಯಸ್ಕಾಂತ ಸರಿದಾಡಿದರೆ ಪಕ್ಕದ ಲೋಹದಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಸಂಗತಿ ಇದು. ಗೋಡೆಯಂಥ ದಪ್ಪ ಲೋಹದಲ್ಲಿ ಆ ವಿದ್ಯುತ್ತಿಗೆ ತಂತಿಯ ದಾರಿಯಿಲ್ಲ. ಅದು ಅಲ್ಲೇ ಸುತ್ತತೊಡಗುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಇಳಿದವರಿಗೆ ಸುಳಿ ಎಂದರೇನೆಂದು ಹೇಳಬೇಕಿಲ್ಲ; ಇದು ವಿದ್ಯುತ್ತಿನ ಸುಳಿ. ಎಂಜಿನಿಯರುಗಳ ಬಾಯಲ್ಲಿ ಎಡ್ಡಿ ಕರೆಂಟ್. ತನ್ನನ್ನು ಹುಟ್ಟಿಸಿದ ಚಲನೆಯನ್ನೇ ಅದು ತಡೆಯುತ್ತದೆ. ಹಳೆಯ ಕರೆಂಟ್ ಮೀಟರಿನ ಅಲ್ಯೂಮಿನಿಯಂ ಬಿಲ್ಲೆಯನ್ನು ತಿರುಗಿಸುತ್ತಿದ್ದುದೂ, ಅದು ಅಂಕೆ ಮೀರದಂತೆ ಹಿಡಿಯುತ್ತಿದ್ದುದೂ ಇದೇ ಸುಳಿ.

ಅಯಸ್ಕಾಂತದ ಬದಲು ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟ್ ಹರಿಯುವ ತಾಮ್ರದ ಸುರುಳಿಯನ್ನು ಲೋಹದ ಹತ್ತಿರ ಹಿಡಿದರೂ ಸುಳಿ ಏಳುತ್ತದೆ. ಸುಳಿಯ ಅಯಸ್ಕಾಂತ ಬಲ ತಿರುಗಿ ಸುರುಳಿಯನ್ನೇ ತಟ್ಟುತ್ತದೆ. ಲೋಹದಲ್ಲಿನ ಬಿರುಕು ಹುಡುಕುವ ವಿಧಾನವೊಂದು ನಿಂತಿರುವುದು ಇದರ ಮೇಲೆಯೇ. ದಾರಿಯಲ್ಲಿ ಬಿರುಕಿದ್ದರೆ ಸುಳಿ ಅದನ್ನು ಬಳಸಿಕೊಂಡು ಹೋಗಬೇಕು, ನಾಲೆಗೆ ಅಡ್ಡಬಿದ್ದ ಬಂಡೆಯನ್ನು ನೀರು ಬಳಸುವಂತೆ. ಆಗ ಸುರುಳಿಗೆ ತಟ್ಟುವ ಪ್ರತಿಕ್ರಿಯೆ ಬದಲಾಗಿ, ಸುರುಳಿಗೆ ಜೋಡಿಸಿದ ಉಪಕರಣದ ಪರದೆಯ ಮೇಲಿನ ಚುಕ್ಕೆ ಜಿಗಿಯುತ್ತದೆ. ಬಣ್ಣ ಕೆರೆಯಬೇಕಿಲ್ಲ, ಲೋಹವನ್ನು ಮುಟ್ಟಲೂಬೇಕಿಲ್ಲ. ಆದರೆ ಸುರುಳಿ ಕೂದಲೆಳೆಯಷ್ಟು ಮೇಲೆದ್ದರೂ ಚುಕ್ಕೆ ಅಲುಗುತ್ತದೆ. ಅದಕ್ಕೇ ಪರೀಕ್ಷಕರು ಕೆಲಸ ಶುರುಮಾಡುವ ಮುನ್ನ, ಆಳ ಗೊತ್ತಿರುವ ಗೀರುಗಳನ್ನು ಕೊರೆದ ಲೋಹದ ತುಂಡಿನ ಮೇಲೆ ಉಪಕರಣವನ್ನು ಆಡಿಸಿ ನೋಡುತ್ತಾರೆ. ಈ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವ.

ಇಷ್ಟು ಹೇಳಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಪೈಪಿನ ಆಚೆ ಮಗ್ಗುಲಲ್ಲಿ ಬಿರುಕಿದ್ರೆ ಗೊತ್ತಾಯ್ತದಾ?"

ಇಡೀ ತಂತ್ರದ ಕಷ್ಟವೇ ಆ ಪ್ರಶ್ನೆಯಲ್ಲಿತ್ತು. ಸುಳಿ ಲೋಹದ ಮೈಮೇಲೆ ಜೋರಾಗಿರುತ್ತದೆ, ಆಳಕ್ಕಿಳಿದಂತೆ ಸೊರಗುತ್ತದೆ. ಸೆಕೆಂಡಿಗೆ 1000 ಆವರ್ತನದ ಕರೆಂಟಿನಲ್ಲಿ, ಅಲ್ಯೂಮಿನಿಯಂನಲ್ಲಾದರೆ ಸುಮಾರು 2.5 ಮಿ.ಮೀ. ಆಳದಲ್ಲಿ ಅದರ ಬಲ ಮೇಲ್ಮೈಯಲ್ಲಿದ್ದುದರ ಶೇ. 37ಕ್ಕೆ ಇಳಿಯುತ್ತದೆ. ಎಣ್ಣೆ, ಅನಿಲ ಸಾಗಿಸುವ ಕೊಳವೆಗಳು ಅಯಸ್ಕಾಂತಕ್ಕೆ ಅಂಟುವ ಉಕ್ಕಿನವು. ಅದೇ ಕಾರಣಕ್ಕೆ ಅವುಗಳಲ್ಲಿ 1 ಮಿ.ಮೀ. ಒಳಗೇ ಅಷ್ಟು ಸೊರಗುತ್ತದೆ. ಗೋಡೆಯ ದಪ್ಪವೋ ಹಲವು ಮಿ.ಮೀ. ಆದ್ದರಿಂದ ಮೇಲ್ಮೈಯಲ್ಲಿ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳನ್ನು ಹಿಡಿಯುವುದರಲ್ಲಿ ಈ ವಿಧಾನ ನಿಸ್ಸೀಮ; ಆಚೆ ಮಗ್ಗುಲಿನ ತುಕ್ಕು ಅದಕ್ಕೆ ಕಾಣದು. ಒಂದೇ ಸಲ ಬಲವಾದ ಮಿಡಿತ ಕಳಿಸಿ, ಸುಳಿ ಆರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದು ಗೋಡೆಯ ದಪ್ಪ ತಿಳಿಯುವ ಇನ್ನೊಂದು ಬಗೆಯೂ ಇದೆ. ಅದು ಒಂದಿಷ್ಟು ಜಾಗದ ಸರಾಸರಿ ಹೇಳುತ್ತದೆ, ಸಣ್ಣ ಗುಳಿ ತಪ್ಪಿಸಿಕೊಳ್ಳಬಹುದು.

ಹಾಗಾದರೆ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ ತರುವಂಥ ನೆಲದಡಿಯ ಮಾರ್ಗಗಳನ್ನು ಪರೀಕ್ಷಿಸುವುದು ಹೇಗೆ? ನೂರಾರು ಕಿಲೋಮೀಟರ್ ಅಗೆದು ನೋಡಲಾದೀತೆ? ಇಂಥ ಕೊಳವೆಗಳೊಳಗೆ ಹರಿಯುವ ಎಣ್ಣೆಯೇ ತಳ್ಳಿಕೊಂಡು ಹೋಗುವ, ಪಿಗ್ ಎಂದು ಕರೆಯುವ ಯಂತ್ರ ಸಾಗುತ್ತದೆ. ಅದರಲ್ಲಿರುವ ದೊಡ್ಡ ಅಯಸ್ಕಾಂತಗಳು ಇಡೀ ಗೋಡೆಯನ್ನು ಕಾಂತೀಯವಾಗಿಸುತ್ತವೆ. ತುಕ್ಕು ತಿಂದು ತೆಳುವಾದಲ್ಲಿ ಕಾಂತಬಲ ಹೊರಚೆಲ್ಲುತ್ತದೆ, ಸಂವೇದಕಗಳು ಅದನ್ನು ಹಿಡಿಯುತ್ತವೆ. ಆದರೆ ಸವೆದದ್ದು ಒಳಮೈಯೋ ಹೊರಮೈಯೋ ಎಂಬುದು ಅಷ್ಟರಿಂದಲೇ ಸ್ಪಷ್ಟವಾಗದು. ಎಷ್ಟೋ ಪಿಗ್‌ಗಳಲ್ಲಿ ಅದನ್ನು ಹೇಳಲೆಂದೇ ಸುಳಿ ವಿದ್ಯುತ್ತಿನ ಪುಟ್ಟ ಸುರುಳಿಗಳನ್ನೂ ಜೋಡಿಸಿರುತ್ತಾರೆ. ಅವಕ್ಕೆ ಕಾಣುವುದು ಒಳಮೈ ಮಾತ್ರ. ಅವೂ ದನಿಗೂಡಿಸಿದರೆ ಸವೆತ ಒಳಗಿನದು, ಸುಮ್ಮನಿದ್ದರೆ ಆಚೆ ಮಗ್ಗುಲಿನದು. ಹೊರಗಿನದಾದರೆ ಅಲ್ಲಿ ಮಣ್ಣು ತೆಗೆದು ಕೊಳವೆಯ ಹೊದಿಕೆ ನೋಡಬೇಕು. ಒಳಗಿನದಾದರೆ ಎಣ್ಣೆಯ ಜೊತೆ ನೀರು ಬಂದು ತಂಗುತ್ತಿದೆಯೇ ಎಂದು ಹುಡುಕಬೇಕು.