ನೀರು ಹಾಯಿಸುವುದು ಗಿಡಕ್ಕಲ್ಲ, ಮಣ್ಣಿಗೆ

ಕೆಂಪು ಮಣ್ಣಿನ ಹೊಲದಲ್ಲಿ ಒಂದು ಗೇಣು ಆಳದಿಂದ ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ನೋಡಿ. ಉಂಡೆ ಕಟ್ಟದೆ ಉದುರಿದರೆ ಒಣಗಿದೆ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಅತಿಯಾಗಿದೆ. ಉಂಡೆ ಕಟ್ಟಿ, ಕೈಬಿಟ್ಟಾಗ ನೆಲಕ್ಕೆ ಬಿದ್ದು ಒಡೆದರೆ ಅದೇ ಹದ. ನೀರಾವರಿಯ ಮುಖ್ಯ ಉದ್ದೇಶ ಈ ಎರಡಕ್ಷರದಲ್ಲಿದೆ. ಆದರೂ 'ನೀರು ಹೆಚ್ಚು ಬಿಟ್ಟಷ್ಟೂ ಇಳುವರಿ ಹೆಚ್ಚು' ಎಂಬ ನಂಬಿಕೆ ನಮ್ಮ ಕಾಲುವೆ ಬಯಲುಗಳಲ್ಲಿ ಇನ್ನೂ ಸಾಯದಿರುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಎಲೆಯ ಪತ್ರರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಇದು ಪೋಲಲ್ಲ. ಆ ಆವಿ ಎಲೆಯನ್ನು ತಂಪಾಗಿಡುತ್ತದೆ, ಮಣ್ಣಿನಲ್ಲಿ ಕರಗಿದ ಪೋಷಕಾಂಶಗಳನ್ನು ಮೇಲಕ್ಕೆಳೆಯುತ್ತದೆ. ನೀರು ಸಾಲದಾದಾಗ ಗಿಡ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಇಂಗಾಲದ ಡೈಆಕ್ಸೈಡ್‌ಗೂ ಬಾಗಿಲು ಮುಚ್ಚಿದಂತೆ. ಬಿಸಿಲಿದ್ದೂ ಅಡುಗೆ ನಡೆಯುವುದಿಲ್ಲ. ಜೋಳ ತೆನೆ ಹೊರಡುವ ಹೊತ್ತಿಗೆ ಕೊಟ್ಟ ಒಂದೇ ನೀರು ಫಸಲನ್ನು ಉಳಿಸುವುದು ಇದರಿಂದಲೇ.

ಇನ್ನು ಅತಿಯಾದ ನೀರಿನ ಕಥೆ. ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರಿನ ಜೊತೆ ಗಾಳಿಯೂ ಇರಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಸಂದುಗಳೆಲ್ಲ ನೀರಿನಿಂದಲೇ ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಭತ್ತದ ಕಾಂಡದಲ್ಲಿ ಎಲೆಯಿಂದ ಬೇರಿಗೆ ಗಾಳಿ ಇಳಿಯುವ ಕೊಳವೆಗಳಿವೆ, ಅದು ತಾಳಿಕೊಳ್ಳುತ್ತದೆ. ತೊಗರಿ, ಹತ್ತಿಗೆ ಆ ಭಾಗ್ಯವಿಲ್ಲ.

ಅಂತರ್ಜಲ ಬೇರಿನ ಹತ್ತಿರಕ್ಕೆ ಏರಿದರೆ ಅನಾಹುತ ಇನ್ನೊಂದಿದೆ. ಹಣತೆಯ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಮಣ್ಣು ಅಡಿಯ ನೀರನ್ನು ಮೇಲೆಳೆಯುತ್ತದೆ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಅಲ್ಲೇ ಉಳಿಯುತ್ತದೆ. ಬೆವರಿದ ಅಂಗಿ ಒಣಗಿದಾಗ ಬೆನ್ನ ಮೇಲೆ ಮೂಡುವ ಬಿಳಿ ಗೆರೆಗಳನ್ನು ನೆನಪಿಸಿಕೊಳ್ಳಿ. ಸವಳು ಹೊಲದ ಮೇಲಿನ ಬಿಳಿ ಪದರವೂ ಅದೇ.

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ಕೊಡತೊಡಗಿದಾಗ ಎಡದಂಡೆ ಬಯಲಿನ ಬಹುಭಾಗಕ್ಕೆ ಯೋಜಿಸಿದ್ದು ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳನ್ನು, ಅಂದರೆ ಕಡಿಮೆ ನೀರು ಸಾಕಾಗುವಂಥವನ್ನು. ಆದರೆ ಕಾಲುವೆಯ ತಲೆಭಾಗ ಭತ್ತಕ್ಕೆ ತಿರುಗಿತು. ಎರೆ ಭೂಮಿಯ ಕಪ್ಪು ಮಣ್ಣಿನಲ್ಲಿ ನೀರು ಬಸಿದುಹೋಗುವುದು ಮೊದಲೇ ನಿಧಾನ. ತಲೆಭಾಗದ ಎಷ್ಟೋ ಹೊಲಗಳು ಉಪ್ಪೇರಿ, ನೀರು ನಿಂತು ಸವಳು-ಜವಳಾದವು. ಕೊನೆ ಭಾಗದ ರಾಯಚೂರು ಕಡೆಯ ರೈತರು ಅದೇ ನೀರಿಗೆ ಕಾದು ಕುಳಿತರು. ವಿಶ್ವೇಶ್ವರಯ್ಯನವರು ಇದಕ್ಕೆ ಬಹಳ ಮೊದಲೇ ಮುಂಬಯಿ ಪ್ರಾಂತ್ಯದ ನೀರಾ ಕಾಲುವೆಗೆ ಬ್ಲಾಕ್ ಪದ್ಧತಿ ತಂದಿದ್ದರು. ಹೆಚ್ಚು ನೀರು ಬೇಡುವ ಕಬ್ಬು ಸಿಕ್ಕಸಿಕ್ಕಲ್ಲಿ ಹಬ್ಬದಂತೆ ತಡೆದು, ಬೆಳೆ ಮತ್ತು ನೀರು ಎರಡನ್ನೂ ಸರದಿಗೆ ಒಳಪಡಿಸುವ ಯೋಚನೆ ಅದು. ಲೆಕ್ಕ ಗೊತ್ತಿದ್ದೂ ನಾವು ತಪ್ಪಿದೆವು.

ಕೆಟ್ಟ ನೆಲವನ್ನು ತೊಳೆಯುವುದೂ ನೀರೇ, ಅದೂ ನೀರಾವರಿಯ ಒಂದು ಉದ್ದೇಶವೇ. ಆದರೆ ತೊಳೆದ ನೀರಿಗೆ ಹೊರದಾರಿ ಇರಬೇಕು. ಹೊಲದ ಅಡಿಯಲ್ಲಿ ತೂತುಗಳಿರುವ ಕೊಳವೆ ಹೂತ ಒಂದು ಜಮೀನಿನಲ್ಲಿ, ಬಸಿಗಾಲುವೆಗೆ ಸಣ್ಣಗೆ ಬೀಳುತ್ತಿದ್ದ ನೀರಿಗೆ ಬೆರಳೊಡ್ಡಿ ನಾಲಗೆಗೆ ತಾಗಿಸಿಕೊಂಡೆ. ಕಾಲುವೆಯಿಂದ ಸಿಹಿಯಾಗಿ ಬಂದ ತುಂಗಭದ್ರೆ ಅಲ್ಲಿ ಉಪ್ಪು ಹೊತ್ತು ಹೊರಗೆ ಹೋಗುತ್ತಿದ್ದಳು.