ಬೊಂಡಾಸ್‌ನ ಆ ಕಂದು ಮುದ್ದೆ

ಬೊಂಡಾಸ್ (ಸ್ಕ್ವಿಡ್) ಶುಚಿ ಮಾಡಿದವರಿಗೆ ಗೊತ್ತಿರುತ್ತದೆ. ತಲೆ ಹಿಡಿದು ಮೆಲ್ಲಗೆ ಎಳೆದರೆ ಕರುಳು, ಮಸಿ ಚೀಲ, ಮೆತ್ತಗಿನ ಒಂದು ಕಂದು ಮುದ್ದೆ ಎಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಆ ಮುದ್ದೆ ಅದರ ಜೀರ್ಣಗ್ರಂಥಿ. ತಿಂದ ಆಹಾರದ ಜೊತೆ ಒಳಗೆ ಹೋದ ಕ್ಯಾಡ್ಮಿಯಂ ಎಂಬ ವಿಷಲೋಹ ಹೆಚ್ಚಾಗಿ ಸೇರುವುದು ಅಲ್ಲೇ, ಬಿಳಿ ಮಾಂಸದಲ್ಲಿ ತುಂಬಾ ಕಡಿಮೆ. ಹಾಗಾಗಿ ಮುದ್ದೆ ಒಡೆದು ಮಾಂಸಕ್ಕೆ ಮೆತ್ತಿಕೊಳ್ಳದ ಹಾಗೆ ತೆಗೆದು ಚೆನ್ನಾಗಿ ತೊಳೆಯಿರಿ. ಏಡಿಯ ಚಿಪ್ಪಿನೊಳಗಿನ ಕಂದು ಭಾಗವೂ ಹೀಗೇ. ರುಚಿ ಅಂತ ಅದನ್ನೇ ಬೆರಳಲ್ಲಿ ತೆಗೆದು ತಿನ್ನುವವರಿದ್ದಾರೆ, ಅಪರೂಪಕ್ಕಾದರೆ ಸರಿ, ಪದೇ ಪದೇ ಬೇಡ. ಯಾಕೆಂದರೆ ಕಿಡ್ನಿ ಸೇರಿದ ಕ್ಯಾಡ್ಮಿಯಂನಲ್ಲಿ ಅರ್ಧ ಹೊರಗೆ ಹೋಗುವುದಕ್ಕೇ 10ರಿಂದ 30 ವರ್ಷ ಬೇಕು.

ಪಾದರಸದ ಕತೆ ಬೇರೆ. ಅದು ಮಾಂಸದಲ್ಲೇ ಸೇರಿಕೊಂಡಿರುತ್ತದೆ, ತೊಳೆದರೂ ಹೋಗುವುದಿಲ್ಲ, ಕಾಯಿಸಿದರೂ ಹೋಗುವುದಿಲ್ಲ. ನೀರಿಗೆ ಬಿದ್ದ ಪಾದರಸವನ್ನು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸ ಮಾಡುತ್ತವೆ, ಅದು ಮೈಗೆ ಸುಲಭವಾಗಿ ಸೇರಿಕೊಳ್ಳುವ ರೂಪ. ಸಣ್ಣ ಮೀನು ಅದನ್ನು ಸ್ವಲ್ಪ ನುಂಗುತ್ತದೆ, ಅಂಥ ನೂರಾರು ಮೀನುಗಳನ್ನು ದೊಡ್ಡದೊಂದು ನುಂಗುತ್ತದೆ, ಅದು ಎಷ್ಟು ವರ್ಷ ಬದುಕುತ್ತದೋ ಅಷ್ಟೂ ಲೆಕ್ಕ ಏರುತ್ತಲೇ ಹೋಗುತ್ತದೆ. ತಾಟೆ ಮೀನು (ಶಾರ್ಕ್), ದೊಡ್ಡ ಟ್ಯೂನಾಗಳಲ್ಲಿ ಜಾಸ್ತಿ ಇರುವುದು ಇದಕ್ಕೇ.

ಜಪಾನಿನ ಮಿನಮಾಟಾದಲ್ಲಿ ಇದರ ಭೀಕರ ರೂಪ ಕಂಡಿತು. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನು, ಚಿಪ್ಪುಗಳ ಮೂಲಕ ಜನರನ್ನು ಸೇರಿತ್ತು. 1956ರಲ್ಲಿ ರೋಗ ಅಧಿಕೃತವಾಗಿ ಪತ್ತೆಯಾಗುವ ಮೊದಲೇ ಅಲ್ಲಿನ ಬೆಕ್ಕುಗಳು ಹುಚ್ಚೆದ್ದು ಕುಣಿದು ಸಾಯುತ್ತಿದ್ದವು. ನನ್ನ ಮನಸ್ಸಿನಿಂದ ಹೋಗದಿರುವುದು ಅಲ್ಲಿನ ಮಕ್ಕಳು. ತಾಯಿಗೆ ಅಷ್ಟೇನೂ ತೊಂದರೆ ಕಾಣದಿದ್ದರೂ ಹೊಟ್ಟೆಯಲ್ಲಿದ್ದ ಮಗುವಿನ ಮಿದುಳಿಗೆ ಪೆಟ್ಟು ಬಿದ್ದಿರುತ್ತಿತ್ತು.

ಹಾಗಂತ ಬಸುರಿಯರು ಮೀನೇ ಬಿಡಬೇಕು ಅನ್ನುವುದು ತಪ್ಪು. ಮಗುವಿನ ಮಿದುಳು ಬೆಳೆಯಲು ಬೇಕಾದ ಒಮೆಗಾ-3 ಇರುವುದೂ ಮೀನಿನಲ್ಲೇ ಅಲ್ವಾ? ಬೂತಾಯಿ, ಬಂಗುಡೆ ಚಿಕ್ಕವು, ಹೆಚ್ಚು ಕಾಲ ಬದುಕುವಂಥವೂ ಅಲ್ಲ, ಹೆಚ್ಚು ಪಾದರಸ ಸೇರಲು ಸಮಯವೇ ಸಿಗುವುದಿಲ್ಲ. ಬೆಲೆಯೂ ಕಡಿಮೆ. ಬಸುರಿ, ಬಾಣಂತಿ, ಸಣ್ಣ ಮಕ್ಕಳಿರುವ ಮನೆಯಲ್ಲಿ ಇವನ್ನು ತಿನ್ನಲಿ, ತಾಟೆ ಬೇಡ.

ಮರ್ವಾಯಿ (ಚಿಪ್ಪು) ಮಾತ್ರ ನೋಡಿಕೊಂಡು ತರಬೇಕು. ಅದು ನೀರನ್ನು ಸೋಸಿಯೇ ಬದುಕುತ್ತದೆ, ಆ ನೀರಿನಲ್ಲಿರುವ ಲೋಹವೂ ಒಳಗೆ ಉಳಿಯುತ್ತದೆ. ರಾತ್ರಿಯಿಡೀ ನೀರಲ್ಲಿಟ್ಟರೆ ಮರಳು ಉಗುಳುತ್ತದೆ, ಸೀಸ, ಕ್ಯಾಡ್ಮಿಯಂ ಉಗುಳುವುದಿಲ್ಲ. ಎಲ್ಲಿಂದ ತೆಗೆದದ್ದು ಅಂತ ಮಾರುವವರನ್ನು ಕೇಳುತ್ತೇನೆ. ಕಾರ್ಖಾನೆ ನೀರು ಸೇರುವ ಹೊಳೆಯದು ಅಂತ ಗೊತ್ತಾದರೆ, ಎಷ್ಟೇ ದಪ್ಪಗಿದ್ದರೂ ಬಿಟ್ಟು ಬರುತ್ತೇನೆ.