ಕೆಲಬಿತ್ ಭಾಷೆಯಲ್ಲಿ ಅಕ್ಕಿಗೆ ಏನಂತಾರೆ?

ಓದುಗರ ಪ್ರಶ್ನೆ: ಬೋರ್ನಿಯೊದ ಬಾರಿಯೊ ಅಕ್ಕಿಯ ಬಗ್ಗೆ ಓದಿದೆ. ಅದನ್ನು ಬೆಳೆಯುವ ಕೆಲಬಿತ್ ಜನ ಅಕ್ಕಿಗೆ ತಮ್ಮ ಭಾಷೆಯಲ್ಲಿ ಏನಂತಾರೆ? ಅವರು ಆಡುವುದು ಮಲಯ ಭಾಷೆಯೇ ಅಲ್ಲವೇ?

ಉತ್ತರ: ಗದ್ದೆಯಲ್ಲಿದ್ದರೆ ‘ಪಾದೆ’, ಹೊಟ್ಟು ತೆಗೆದ ಮೇಲೆ ‘ಬೆರಾ’, ಬೆಂದು ಎಲೆಗೆ ಬಿದ್ದರೆ ‘ನುಬಾ’. ಭತ್ತ, ಅಕ್ಕಿ, ಅನ್ನ ಎಂದು ಬೇರೆ ಬೇರೆ ಹೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರಕ್ಕೂ ‘ರೈಸ್’ ಎಂದೇ ಬರೆದುಕೊಂಡ ಇಂಗ್ಲಿಷ್ ಪದಪಟ್ಟಿ ನೋಡಿದರೆ ಮಾತ್ರ ಗೊಂದಲ. ಕೆಲಬಿತ್ ಪದಗಳನ್ನು ಕನ್ನಡದ ಮೂಲಕವೇ ಕಲಿಯಿರಿ ಎಂದು ನಾನು ಹೇಳುವುದು ಇದಕ್ಕೇ.

ಬಾರಿಯೊ ಇರುವುದು ಮಲೇಷ್ಯಾದ ಸರವಾಕ್‌ನಲ್ಲಿ, ಇಂಡೊನೇಷ್ಯಾ ಗಡಿಯ ಹತ್ತಿರ, ಸುಮಾರು 1,000 ಮೀಟರ್ ಎತ್ತರದಲ್ಲಿ. ನೀರು ನಿಲ್ಲಿಸಿದ ಗದ್ದೆಗಳ ಊರು. ಊರುಗಳ ಹೆಸರಲ್ಲೂ ನೀರೇ: ‘ಪಾ’ ಅಂದರೆ ನೀರು, ಹೊಳೆ. ಪಾ ಉಮೊರ್, ಪಾ ಲುಂಗನ್, ಪಾ ದಾಲಿಹ್.

ಇನ್ನು ಮಲಯದ ಮಾತು. ಕೆಲಬಿತ್ ಮಲಯ ಅಲ್ಲ, ಅದರ ನೆಂಟ. ಎರಡೂ ಆಸ್ಟ್ರೊನೇಷ್ಯನ್ ಎಂಬ ಭಾಷಾಕುಟುಂಬದವು. ಮಲಯದಲ್ಲಿ ಭತ್ತ ‘ಪಾಡಿ’, ಅಕ್ಕಿ ‘ಬೆರಸ್’. ಇವು ಪಾದೆ, ಬೆರಾಗಳ ಒಡಹುಟ್ಟು ಎನ್ನುವುದು ಕಿವಿಗೇ ಗೊತ್ತಾಗುತ್ತದೆ. ಆದರೆ ಅನ್ನಕ್ಕೆ ಮಲಯದವರು ‘ನಾಸಿ’ ಎಂದರೆ ಕೆಲಬಿತರು ‘ನುಬಾ’ ಎನ್ನುತ್ತಾರೆ. ‘ಕುಮನ್ ನುಬಾ’ ಅಂದರೆ ಅನ್ನ ಉಣ್ಣು.

ಉಚ್ಚಾರದಲ್ಲಿ ಒಂದು ಎಚ್ಚರಿಕೆ. ‘ನುಬಾ’ದ ಕೊನೆಯ ಆ-ಕಾರವನ್ನು ಎಳೆಯಬಾರದು, ಗಂಟಲಲ್ಲಿ ಥಟ್ಟನೆ ಕತ್ತರಿಸಬೇಕು. ‘ಪಾ’ಗೂ ಹಾಗೇ. ಎಣಿಕೆಯಲ್ಲಿ ಇನ್ನೂ ಸೊಗಸಾದದ್ದು ಸಿಗುತ್ತದೆ: ಎದ್ತೆಹ್, ದುವೆಹ್, ತೆಲುಹ್, ಎಪತ್, ಲಿಮೆಹ್. ಒಂದು ಎನ್ನುವ ‘ಎದ್ತೆಹ್’ನ ನಡುವೆ ದ, ತ ಎಂಬ ಎರಡು ವ್ಯಂಜನಗಳಿಲ್ಲ, ಇರುವುದು ಒಂದೇ. ಅದು ದ-ಕಾರದ ಘೋಷದಿಂದ, ಅಂದರೆ ಗಂಟಲು ಕಂಪಿಸುವ ನಾದದಿಂದ, ಶುರುವಾಗಿ ತ-ಕಾರದಂತೆ ಅಘೋಷವಾಗಿ, ಆ ನಾದವಿಲ್ಲದೆ, ಮುಗಿಯುತ್ತದೆ. ನಮ್ಮ ‘ಧ’ ಅದಲ್ಲ. ಧ-ದಲ್ಲಿ ಘೋಷ ಕೊನೆತನಕ ಉಳಿಯುತ್ತದೆ. ಲೋಕದ ಭಾಷೆಗಳಲ್ಲಿ ಇಂಥ ಧ್ವನಿ ಬಲು ಅಪರೂಪ. ಭಾಷಾವಿಜ್ಞಾನಿಗಳು ಈ ಪುಟ್ಟ ಭಾಷೆಯ ಬೆನ್ನು ಹತ್ತಿದ್ದಕ್ಕೆ ಇದೂ ಒಂದು ಕಾರಣ.

ಬಾರಿಯೊ ಕಡೆ ಹೋದರೆ ‘ನುಬಾ ಲಾಯಾ’ ಕೇಳಿ ತಿನ್ನಿ. ‘ಲಾಯಾ’ ಅಂದರೆ ಮೆತ್ತಗಿನದು. ಅನ್ನವನ್ನು ಚೆನ್ನಾಗಿ ಮೆದುವಾಗಿ ಬೇಯಿಸಿ, ಹಿಸುಕಿ, ಅಗಲವಾದ ಕಾಡೆಲೆಯಲ್ಲಿ ಪೊಟ್ಟಣ ಕಟ್ಟಿರುತ್ತಾರೆ. ಗದ್ದೆಗೆ ಹೊರಟವರ ಬುತ್ತಿಯೂ ಅದೇ. ಎಲೆ ಬಿಡಿಸಿದರೆ ಅದೇ ತಟ್ಟೆ.